ದೇವರ ಮನೆಯ ಗಿಟಾರು

ನನ್ನ ಮೊಮ್ಮಗಳು ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಗಿಟಾರು ನುಡಿಸಿದಳು. ಈ ಒಂದು ಸಾಲು ಬರೆದು ಪೆನ್ನು ಕೆಳಗಿಟ್ಟರೂ ನನ್ನ ಮಟ್ಟಿಗೆ ಬರಹ ಮುಗಿದಂತೆಯೇ. ಹಾಲು ಉಕ್ಕಿ ಒಲೆಯೆಲ್ಲ ಆದಮೇಲೆ ಉರಿ ಸಣ್ಣ ಮಾಡಿ ಏನು ಪ್ರಯೋಜನ? ನನ್ನ ಸಂತೋಷವೂ ಹಾಗೇ ಉಕ್ಕಿದೆ. ಒರೆಸಿಕೊಳ್ಳುವವರು ಒರೆಸಿಕೊಳ್ಳಲಿ.

ಆದರೆ ಆ ಗಿಟಾರು ಅವಳ ಕೈಗೆ ಸಿಗದ ಹಾಗೆ ಇಷ್ಟು ವರ್ಷ ಕಾವಲು ಕೂತಿದ್ದ ಸರ್ಪ ಯಾವುದು ಎಂದು ಕೇಳಿದರೆ ಅದಕ್ಕೂ ನಾನೇ ಕೈ ಎತ್ತಬೇಕು. ಅದನ್ನೂ ನಾನೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನಮ್ಮ ಯಜಮಾನರು ಹೇಳುತ್ತಾರೆ, ಒಂದಕ್ಕೆ ನಾಲ್ಕು ಸೇರಿಸಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಪೇಟೆಯಲ್ಲಿದ್ದ ನಮ್ಮಪ್ಪ, ಹೆಣ್ಣುಮಗುವಿಗೆ ಲೆಕ್ಕ ಬಂದರೆ ಸಾಕು ಎಂದು ಶಾಲೆ ಬಿಡಿಸಿದರು. ಲೆಕ್ಕವೂ ನನಗೆ ಎಷ್ಟು ಬಂತು ಎನ್ನುವುದು ಈ ಕಥೆಯಲ್ಲೇ ಗೊತ್ತಾಗುತ್ತದೆ.

ಗಿಟಾರು ನನ್ನ ಸೋದರಮಾವನದು. ಅಮ್ಮನ ಕೊನೆಯ ತಮ್ಮ ಅವನು, ಮದುವೆಯಾಗಲಿಲ್ಲ. ಓಕಳಿಪುರದಲ್ಲಿ ರೈಲು ಕಂಬಿಯ ಪಕ್ಕ ಒಂದು ಕೋಣೆ ಮಾಡಿಕೊಂಡಿದ್ದ. ರೈಲು ಹೋದಾಗಲೆಲ್ಲ ಅವನ ಲೋಟಗಳು ತಾವೇ ಜಾಗ ಬದಲಾಯಿಸುತ್ತಿದ್ದವು. ವರ್ಷವಿಡೀ ಪೇಟೆಯ ಬಟ್ಟೆ ಅಂಗಡಿಯಲ್ಲಿ ಮೊಳ ಹಾಕುತ್ತ, ಗಿರಾಕಿಗಳಿಗೆ ತಲೆ ಬಗ್ಗಿಸಿಕೊಂಡು ಇರುತ್ತಿದ್ದ. ಗಣೇಶ ಬಂದನೆಂದರೆ ಮಾತ್ರ ಅವನು ಬೇರೆ ಮನುಷ್ಯ. ಕರೀ ಕೋಟು, ಚೂಪು ಮೂತಿಯ ಬೂಟು, ಕೂದಲಿಗೆ ಅರ್ಧ ಬಾಟಲಿ ಎಣ್ಣೆ. ಬಸವನಗುಡಿಯಲ್ಲಿ, ಚಾಮರಾಜಪೇಟೆಯಲ್ಲಿ ಎಲ್ಲಿ ಪೆಂಡಾಲು ಹಾಕಿದ್ದರೂ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಅವನು, ಅವನ ಎದೆಯ ಮೇಲೆ ಈ ಗಿಟಾರು.

ಅದು ಎಲ್ಲಿಂದ ಬಂತು ಎಂದು ಕೇಳಿದರೆ ಅವನು ಒಂದೊಂದು ಸಲ ಒಂದೊಂದು ಹೇಳುತ್ತಿದ್ದ. ಮದರಾಸಿನಲ್ಲಿ ಪಂದ್ಯ ಗೆದ್ದೆ ಎನ್ನುತ್ತಿದ್ದ. ಸರ್ಕಸ್ ಕಂಪನಿಯವರು ಬಿಟ್ಟುಹೋದರು ಎನ್ನುತ್ತಿದ್ದ. ಕಂಟೋನ್ಮೆಂಟಿನಲ್ಲಿ ಒಬ್ಬ ದೊರೆಸಾನಿ ತನ್ನ ಬಂಗಲೆಯ ಮುಂದೆ ನಿಂತು ಇವನ ಹಾಡು ಕೇಳಿ, ಕಣ್ಣೊರೆಸಿಕೊಂಡು, ತನ್ನ ತಾತನ ಕಾಲದ ಗಿಟಾರನ್ನು ಇವನ ಕೈಗಿಟ್ಟಳು ಎಂದೂ ಒಂದು ಸಲ ಹೇಳಿದ್ದ. ನಾನು ಇದ್ದುದರಲ್ಲಿ ದುಬಾರಿಯಾದ ಕಥೆಯನ್ನು ಆರಿಸಿಕೊಂಡೆ. ಸೀರೆ ಅಂಗಡಿಯಲ್ಲೂ ನನ್ನ ಕಣ್ಣು ಹಾಗೇ.

ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಮಾವ ಕಾಯಿಲೆ ಬಿದ್ದ. ನೋಡಲು ಹೋದಾಗ ಮಂಚದ ಕೆಳಗಿನಿಂದ ಗಿಟಾರು ಎಳೆಸಿ, "ಇದನ್ನ ನೀನು ತಗೊಂಡು ಹೋಗಮ್ಮ. ಬೇರೆ ಯಾರಿಗೂ ಕೊಡಲ್ಲ. ಜೋಪಾನ" ಎಂದ. ಅಷ್ಟೇ. ಅವನು ಹೋದಮೇಲೆ ನಾನು ಜೋಪಾನ ಮಾಡಲು ಶುರುಮಾಡಿದೆ. ಮಾಡಿದ್ದೇ ಮಾಡಿದ್ದು.

ನಮ್ಮ ಮನೆಯಲ್ಲಿ ಯಾವುದೇ ವಸ್ತುವನ್ನು ಜೋಪಾನ ಮಾಡುವುದೆಂದರೆ ಎರಡೇ ಜಾಗ. ಒಂದು ಬೀರು, ಇನ್ನೊಂದು ದೇವರ ಮನೆ. ಗಿಟಾರು ಬೀರುವಿನಲ್ಲಿ ಹಿಡಿಯಲಿಲ್ಲ. ದೇವರ ಮನೆಯ ಗೋಡೆಗೆ ಉದ್ದ ಮೊಳೆ ಹೊಡೆಸಿ, ದೀಪದ ಮೇಲುಗಡೆಗೆ ಅದನ್ನು ತೂಗುಹಾಕಿದೆ. ಬೆಳಿಗ್ಗೆ ಸಂಜೆ ಹರಳೆಣ್ಣೆ ದೀಪ. ಆಯುಧ ಪೂಜೆಯ ದಿನ ಬೇರೆಯವರ ಮನೆಯಲ್ಲಿ ಸ್ಕೂಟರು, ಕಾರು, ಹೊಲಿಗೆ ಮೆಷಿನ್ನಿಗೆ ಪೂಜೆಯಾದರೆ ನಮ್ಮ ಮನೆಯಲ್ಲಿ ಮೊದಲ ಮಂಗಳಾರತಿ ಗಿಟಾರಿಗೆ. ಅದನ್ನು ಕೆಳಗಿಳಿಸಿ, ಹೆಣ್ಣುಮಗುವಿಗೆ ಎಣ್ಣೆ ಒತ್ತುವ ಹಾಗೆ ಮೈಗೆಲ್ಲ ಕೊಬ್ಬರಿ ಎಣ್ಣೆ ಒತ್ತಿ, ಹೊಟ್ಟೆಯ ಮೇಲೆ ಮೂರು ಎಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕತ್ತಿಗೆ ಚೆಂಡು ಹೂವಿನ ಹಾರ ಹಾಕಿ, ಮೇಲೆ ತಂತಿ ಸುತ್ತುವ ಕಿವಿಗಳ ಸಂದಿಗೆ ಊದುಬತ್ತಿ ಸಿಕ್ಕಿಸುತ್ತಿದ್ದೆ. ಆಮೇಲೆ ಮನೆಮಂದಿಯೆಲ್ಲ ಸಾಲಾಗಿ ಅಡ್ಡ ಬೀಳಬೇಕು. ಮಗ ಪರೀಕ್ಷೆಗೆ ಹೋಗುವ ದಿನವೂ ಅದಕ್ಕೆ ನಮಸ್ಕಾರ ಮಾಡಿಯೇ ಹೊರಡಬೇಕಿತ್ತು. ಅವನು ಬಿಕಾಂ ಪಾಸಾದ. ಓದಿದ್ದು ಅವನು, ಹೆಸರು ಬಂದದ್ದು ಗಿಟಾರಿಗೆ.

ವರ್ಷ ಕಳೆದಂತೆ ಅದು ಕಪ್ಪಾಯಿತು. ಹಳೇ ದೇವಸ್ಥಾನದ ಮೂಲವಿಗ್ರಹದ ಹಾಗೆ ಫಳಫಳ ಕಪ್ಪು. ಬಂದವರಿಗೆಲ್ಲ ನಾನು ಅದನ್ನು ತೋರಿಸಿ, "ನೋಡಿ, ಮರ ಹೆಂಗೆ ಕಪ್ಪಾಗಿದೆ. ನೂರು ವರ್ಷಕ್ಕೆ ಕಮ್ಮಿ ಇಲ್ಲ. ಬ್ರಿಟಿಷರ ಕಾಲದ್ದು" ಎನ್ನುತ್ತಿದ್ದೆ.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಬ್ರಿಟಿಷ್‌ನೋರು ಹೋದಾಗ ನಿಮ್ಮ ಮಾವ ಉಡದಾರ ಕಟ್ಕೊಂಡು ಬೀದೀಲಿ ಓಡಾಡ್ತಿದ್ದ ಕಣೇ" ಎನ್ನುವರು.

"ಎಲ್ಲಾ ಒಂದೇ ದಿನ ಹೋದ್ರಾ? ಒಬ್ರಿಬ್ರು ದೊರೆಸಾನಿಯರು ಆಮೇಲೂ ಇದ್ರು ಬಿಡಿ."

"ಇದ್ದಿದ್ದು ನಿಮ್ಮಾವನಿಗೆ ಗಿಟಾರ್ ಕೊಡೋಕೆ."

ಹೀಗೆ ನಡೆಯುತ್ತಿತ್ತು. ಇದರ ಮಧ್ಯೆ ಮೊಮ್ಮಗಳು ಹುಟ್ಟಿದಳು.

ಅವಳಿಗೆ ಊಟ ಮಾಡಿಸುವುದು ಎಂದರೆ ಯುದ್ಧ. ಚಂದ್ರನನ್ನು ತೋರಿಸೋಣವೆಂದರೆ ನಮ್ಮ ಬೀದಿಯಲ್ಲಿ ಚಂದ್ರನಿಗಿಂತ ಮೊದಲು ಕೇಬಲ್ಲು ಕಾಣುತ್ತದೆ. ಒಂದು ದಿನ ಅನ್ನದ ಬಟ್ಟಲು ಹಿಡಿದು, ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ದೇವರ ಮನೆಗೆ ಹೋದೆ. ಸುಮ್ಮನೆ ಬೆರಳಲ್ಲಿ ಗಿಟಾರಿನ ಸಣ್ಣ ತಂತಿ ಎಳೆದು ಬಿಟ್ಟೆ. ಟಿಣ್ ಎಂದಿತು. ಮಗು ಬಾಯಿ ತೆರೆಯಿತು. ತುತ್ತು ಹಾಕಿದೆ. ಇನ್ನೊಂದು ಟಿಣ್, ಇನ್ನೊಂದು ತುತ್ತು. ಅವತ್ತಿನಿಂದ ಅವಳು ತಾನಾಗಿ ತಟ್ಟೆಯ ಮುಂದೆ ಕೂರುವವರೆಗೂ ಅವಳ ಹೊಟ್ಟೆ ತುಂಬಿಸಿದ್ದು ಆ ಒಂದು ತಂತಿ. ತುಕ್ಕು ಹಿಡಿದು ಒಂದು ದಿನ ಅದು ಪಟ್ಟೆಂದು ತುಂಡಾಯಿತು. ಅಷ್ಟು ಹೊತ್ತಿಗೆ ಅವಳಿಗೆ ಹುಳಿಯನ್ನ ಎಂದರೆ ತಾನೇ ಓಡಿಬರುವ ಬುದ್ಧಿ ಬಂದಿತ್ತು.

ಈಗ ಅವಳು ಹೈಸ್ಕೂಲು. ಗೆಳತಿಯ ಮನೆಗೆ ಹೋಗಿ, ಗೆಳತಿಯ ಗಿಟಾರಿನಲ್ಲಿ ಅವಳ ಜೊತೆಗೇ ಕಲಿತುಕೊಂಡಳು. ಈ ವರ್ಷ ನಮ್ಮ ಬೀದಿಯ ಗಣೇಶನ ಕಮಿಟಿಯವರು, ಹೊರಗಿನ ಆರ್ಕೆಸ್ಟ್ರಾಕ್ಕೆ ಮುಂಚೆ ಬೀದಿಯ ಮಕ್ಕಳದೇ ಕಾರ್ಯಕ್ರಮ ಮಾಡೋಣವೆಂದು ಇವಳ ಹೆಸರು ಬರೆದುಕೊಂಡರು. ಗೆಳತಿ ಹಬ್ಬಕ್ಕೆ ಊರಿಗೆ ಹೊರಟಿದ್ದಳು, ಗಿಟಾರಿನ ಸಮೇತ. ಇವಳು ನೇರ ಅಡುಗೆಮನೆಗೆ ಬಂದು ನನ್ನ ಎದುರಿಗೆ ನಿಂತಳು.

"ಅಜ್ಜಿ, ನಿನ್ನ ಮಾವನ ಗಿಟಾರ್ ಕೊಡು."

ನಾನು ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆಗಿಂತ ಮೊದಲು ನಾನು ಸಿಡಿದೆ.

"ಕೊಡೋದಾ? ಅದೇನ್ ಕಡ್ಲೇಪುರಿನಾ? ಲಕ್ಷಾಂತರ ಬಾಳೋ ಮಾಲು ಅದು. ಪೆಂಡಾಲಲ್ಲಿ ಯಾರಾದ್ರೂ ಎಡವಿ ಬಿದ್ರೆ?"

ಲಕ್ಷಾಂತರ ಎನ್ನುವುದು ನನ್ನ ತಲೆಗೆ ಹೊಕ್ಕಿದ್ದು ಒಂದು ವಾರದ ಹಿಂದಷ್ಟೇ. ಅದಕ್ಕೆ ಕಾರಣ ನನ್ನ ಮಗ. ಅವನು ಮೊಬೈಲಿನಲ್ಲಿ ಯಾವುದೋ ದೇಶದಲ್ಲಿ ಹರಾಜಾದ ಹಳೆಯ ಗಿಟಾರಿನ ಚಿತ್ರ ತೋರಿಸಿ, "ಅಮ್ಮಾ, ನಮ್ಮದರ ಥರಾನೇ ಇದೆ ನೋಡು" ಎಂದಿದ್ದ. ನೋಡಿದೆ. ಅದೇ ಸೊಂಟ, ಅದೇ ಹೊಟ್ಟೆ, ಹೊಟ್ಟೆಯಲ್ಲಿ ಅದೇ ತೂತು. ಲೋಕದ ಗಿಟಾರುಗಳೆಲ್ಲ ಹಾಗೇ ಇರುತ್ತವೆ ಎಂದು ನನಗೇನು ಗೊತ್ತು? ನಾನು ಹತ್ತಿರದಿಂದ ನೋಡಿದ್ದು ಒಂದೇ ಗಿಟಾರು. ಮಾರನೆಯ ದಿನ ಹೂವಿನವಳಿಗೆ, ಸೊಪ್ಪಿನವನಿಗೆ, ಎದುರುಮನೆಯಾಕೆಗೆ, ಎಲ್ಲರಿಗೂ ಸುದ್ದಿ ಹಂಚಿ ಬಂದಿದ್ದೆ. ಎದುರುಮನೆಯಾಕೆ, "ಬಾಗಿಲು ಭದ್ರ ಮಾಡ್ಕೊಳಿ ಮತ್ತೆ, ನಮ್ಮ ಬೀದಿಗೇ ಪೊಲೀಸ್ ಕಾವಲು ಹಾಕ್ಬೇಕಾಗುತ್ತೆ" ಎಂದಳು. ಅದು ಕುಹಕ ಎಂದು ಹೊಳೆದದ್ದು ನನಗೆ ಮನೆಗೆ ಬಂದು ಕಾಫಿ ಕುಡಿದಮೇಲೆ.

"ನಿಂಗೆ ಹೊಸದು ಕೊಡಿಸ್ತೀನಿ ಬಿಡೇ" ಎಂದ ಮಗ.

"ಬೇಡಪ್ಪಾ. ಮನೇಲಿ ಗಿಟಾರ್ ಇಟ್ಕೊಂಡು ಹೊಸದ್ಯಾಕೆ? ನಂಗೆ ಅದೇ ಬೇಕು. ಇಲ್ದಿದ್ರೆ ಕಮಿಟಿ ಅಂಕಲ್‌ಗೆ ನನ್ನ ಹೆಸ್ರು ಹೊಡೆದಾಕಿ ಅಂತ ಹೇಳ್ಬಿಡ್ತೀನಿ."

ಹಠ ಯಾರ ಕಡೆಯಿಂದ ಬಂತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು ಅಷ್ಟೇ.

ಕೊನೆಗೆ ಮಗ ಪಂಚಾಯ್ತಿ ಮಾಡಿದ. "ಒಂದ್ ಕೆಲ್ಸ ಮಾಡೋಣ. ತಿಳಿದೋರ ಹತ್ರ ತೋರಿಸಿ, ಎಷ್ಟು ಹಳೇದು, ಏನ್ ಬಾಳುತ್ತೆ ಅಂತ ಕೇಳೋಣ. ನಿಜವಾಗ್ಲೂ ಲಕ್ಷದ್ದಾದ್ರೆ ಬ್ಯಾಂಕ್ ಲಾಕರೋ ಇನ್ನೊಂದೋ ನೋಡೋಣ, ಇವಳು ಕೇಳಂಗಿಲ್ಲ. ಇಲ್ಲ ಅಂದ್ರೆ ಅವತ್ತಿಂದ ಗಿಟಾರು ಇವಳದ್ದು, ಅಮ್ಮ ಮಾತಾಡಂಗಿಲ್ಲ."

"ಆಗಲಿ" ಎಂದೆ, ಗೆದ್ದವಳ ಹಾಗೆ ಸೆರಗು ಕೊಡವಿ. ಮೊಮ್ಮಗಳ ಮುಖ ಬಾಡಿತು. ಅವಳೂ ಅಷ್ಟು ವರ್ಷ ನನ್ನ ಭಾಷಣ ಕೇಳಿ ಬೆಳೆದವಳಲ್ಲವೇ, ಅದು ಲಕ್ಷದ್ದೇ ಎಂದು ಅವಳಿಗೂ ಹೆದರಿಕೆ. ಅದು ನನಗೂ ಕಾಣಿಸಿತು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಂಬ ಒಂದು ಸಲ ಕುತ್ತಿಗೆ ಹತ್ತಿದರೆ ಸುಲಭಕ್ಕೆ ಇಳಿಯುವುದಿಲ್ಲ.

ಶನಿವಾರ ನಾನೂ ಅವಳೂ ಮಲ್ಲೇಶ್ವರಕ್ಕೆ ಹೊರಟೆವು. ಅಲ್ಲಿ ಅಡ್ಡರಸ್ತೆಯೊಂದರ ಮಹಡಿಯಲ್ಲಿ ಗಿಟಾರು ರಿಪೇರಿ ಮಾಡುವ ಅಂಗಡಿ ಇದೆ ಎಂದು ಅವಳ ಗೆಳತಿ ಹೇಳಿದ್ದಳು. ಗಿಟಾರಿಗೆ ನಾನು ನನ್ನ ಮದುವೆಯ ರೇಷ್ಮೆ ಸೀರೆ ಸುತ್ತಿದೆ. ಯಜಮಾನರು ಬಾಗಿಲಲ್ಲಿ ನಿಂತು, "ಆಟೋದವನಿಗೆ ಬೆಲೆ ಹೇಳ್ಬೇಡ" ಎಂದು ಎಚ್ಚರಿಕೆ ಕೊಟ್ಟರು.

ಹೇಳಬಾರದು ಎಂದೇ ಕೂತಿದ್ದೆ. ಮೊದಲನೇ ಹಂಪು ಬಂದಾಗ ಗಿಟಾರು ತೊಡೆಯ ಮೇಲಿನಿಂದ ಒಂದು ಗೇಣು ಹಾರಿತು.

"ನಿಧಾನಪ್ಪಾ! ಲಕ್ಷಾಂತರ ರೂಪಾಯಿದು ಇದು!"

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ರೇಷ್ಮೆ ಸೀರೆ ಸುತ್ತಿದ ಉದ್ದ ಆಕಾರ, ಅದನ್ನು ತಬ್ಬಿಕೊಂಡ ಮುದುಕಿ. "ಏನಮ್ಮಾ ಅದು, ದೇವ್ರಾ?"

"ಗಿಟಾರು" ಎಂದಳು ಮೊಮ್ಮಗಳು, ಕಿಟಕಿಯೇ ಇಲ್ಲದ ಆಟೋದಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ.

"ಮೀಟರ್ ಮೇಲೆ ಇಪ್ಪತ್ತು ಸೇರಿಸ್ಕೊಡಿ ಹಂಗಾದ್ರೆ" ಎಂದ ಅವನು.

ಮಹಡಿ ಹತ್ತಿ ಅಂಗಡಿಗೆ ಹೋದಾಗ ಒಳಗೆ ಇದ್ದವಳು ಒಬ್ಬ ಹೆಂಗಸು. ನಲವತ್ತರ ಹತ್ತಿರ, ಗಂಡುಮಕ್ಕಳ ಹಾಗೆ ಕತ್ತರಿಸಿದ ಕೂದಲು, ಮೊಣಕೈಯ ಮೇಲೆ ಹಚ್ಚೆ. ಸುತ್ತಲೂ ಹೊಟ್ಟೆ ಬಿಚ್ಚಿದ ಗಿಟಾರುಗಳು. ನಾನು ಬಾಗಿಲಲ್ಲೇ ನಿಂತು, "ಅಪ್ಪ ಇಲ್ವೇನಮ್ಮಾ? ರಿಪೇರಿಯವರು?" ಎಂದೆ.

"ಅಪ್ಪ ಬ್ಯಾಂಕಲ್ಲಿದ್ರು, ರಿಟೈರ್ ಆಗಿ ಮನೇಲಿದಾರೆ. ರಿಪೇರಿಯವಳು ನಾನೇ. ಬನ್ನಿ ಕೂತ್ಕೊಳಿ."

ಮೊಮ್ಮಗಳು ನನ್ನ ಸೀರೆಯ ಅಂಚು ಹಿಡಿದು ಜಗ್ಗಿದಳು, ಇನ್ನೇನೂ ಹೇಳಬೇಡ ಎನ್ನುವ ಹಾಗೆ. ನಾನು ಕೂತೆ. ಕೂತಮೇಲೆ ಸುಮ್ಮನಿರುವುದು ಹೇಗೆ? ದೊರೆಸಾನಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಣ್ಣೊರೆಸಿಕೊಂಡ ಕಡೆ ನಾನೂ ಒರೆಸಿಕೊಂಡೆ. ಆಕೆ ನಗದೆ ಕೇಳಿದಳು, ಅದು ಆಕೆಯ ದೊಡ್ಡತನ. ಆಮೇಲೆ ಸೀರೆ ಬಿಚ್ಚಿ, ಗಿಟಾರನ್ನು ದೀಪದ ಕೆಳಗೆ ಮಲಗಿಸಿ, ತಿರುಗಿಸಿ ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ತಂದು ಮೂಸಿದಳು.

"ಅಮ್ಮಾ, ಇದಕ್ಕೆ ಏನ್ ಹಚ್ಚಿದೀರ?"

"ಕೊಬ್ಬರಿ ಎಣ್ಣೆ. ಗಾಣದ್ದು. ಕಲಬೆರಕೆ ಹಚ್ಚೋಳಲ್ಲ ನಾನು."

"ಎಲ್ಲಿ ಇಟ್ಟಿದ್ರಿ?"

"ದೇವರ ಮನೇಲಿ. ದೀಪದ ಮೇಲ್ಗಡೆ."

ಆಕೆ ಮೊಮ್ಮಗಳ ಮುಖ ನೋಡಿದಳು. ಮೊಮ್ಮಗಳು ಹೂಂ ಎಂದು ತಲೆಯಾಡಿಸಿದಳು. ಆಕೆ ಬಟ್ಟೆಯ ತುಂಡಿಗೆ ಬಾಟಲಿಯಿಂದ ಏನೋ ನೀರು ಹಾಕಿಕೊಂಡು ಗಿಟಾರಿನ ಹೊಟ್ಟೆಯ ಮೂಲೆಯನ್ನು ಒಂದು ಸಲ ಒರೆಸಿದಳು. ಬಟ್ಟೆ ಕಪ್ಪಾಯಿತು. ಇನ್ನೊಂದು ಸಲ ಒರೆಸಿದಳು. ಅಂಗೈ ಅಗಲದ ಜಾಗ, ಹಣ್ಣಾದ ನಿಂಬೆಯ ಹಾಗೆ ಹಳದಿ, ಕಣ್ಣು ಬಿಟ್ಟಿತು.

ಆಕೆ ಬಟ್ಟೆಯನ್ನು ನನ್ನ ಮುಂದೆ ಹಿಡಿದಳು. ಆ ಮಸಿಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ದಿನಾ ಬೆಳಿಗ್ಗೆ ದೇವರ ಮನೆಯ ಗೋಡೆಯಲ್ಲಿ ನೋಡುವ ಮಸಿಯೇ ಅದು. ಹರಳೆಣ್ಣೆಯ ಹೊಗೆ, ಅದು ಅಂಟಿಕೊಳ್ಳಲೆಂದು ವರ್ಷ ವರ್ಷ ನಾನೇ ಬಳಿದ ಕೊಬ್ಬರಿ ಎಣ್ಣೆ. ಬಂದವರಿಗೆಲ್ಲ ನಾನು ತೋರಿಸಿದ ಬ್ರಿಟಿಷರ ಕಾಲ ನಮ್ಮ ಮನೆಯ ದೀಪದಿಂದಲೇ ಹುಟ್ಟಿತ್ತು.

"ಮರ ಹಳೇದಾಗಿ ಕಪ್ಪಾಗಿರೋದಲ್ಲ ಅಮ್ಮಾ. ಇದು ಮಸಿ. ಇನ್ನೊಂದು ಹತ್ತು ವರ್ಷ ಬಿಟ್ಟಿದ್ರೆ ಕಣ್ಣಿಗೆ ಕಾಡಿಗೆ ಮಾಡ್ಬಹುದಿತ್ತು."

ಆಕೆ ಗಿಟಾರಿನ ತಲೆಯ ಕಡೆ ಬೆರಳಿಟ್ಟಳು. ಕಿವಿಗಳ ನಡುವೆ ಮರ ಸುಟ್ಟು ಕರಿಕಲಾಗಿತ್ತು. "ನಿಮ್ಮ ಮಾವ ಸಿಗರೇಟ್ ಸೇದ್ತಿದ್ರಾ? ನುಡಿಸೋವಾಗ ಎಷ್ಟೋ ಜನ ಇಲ್ಲಿ ಸಿಕ್ಕಿಸಿ ಮರೆತುಬಿಡ್ತಾರೆ."

ನೋಡಿ, ನನ್ನ ಬುದ್ಧಿ. ಅಡಿಕೆ ಚೂರನ್ನೂ ಬಾಯಿಗೆ ಹಾಕದ ಮನುಷ್ಯ ಅವನು. ಸತ್ತು ಸ್ವರ್ಗ ಸೇರಿದವನ ತಲೆಗೆ ಸಿಗರೇಟು ಕಟ್ಟಿ ತಪ್ಪಿಸಿಕೊಳ್ಳೋಣವೆಂದು ನಾನು ಆಗಲೇ, "ಹೂಂ, ಸ್ವಲ್ಪ..." ಎಂದು ರಾಗ ಎಳೆದಿದ್ದೆ.

"ಅಜ್ಜೀ! ಊದುಬತ್ತಿ!" ಎಂದು ಮೊಮ್ಮಗಳು ಕಿರುಚಿದಳು.

ಆಕೆ ಆಗ ನಕ್ಕಳು. ಅಷ್ಟು ಹೊತ್ತು ಕಷ್ಟಪಟ್ಟು ತಡೆದುಕೊಂಡಿದ್ದ ನಗು ಅದು, ಮೇಜಿಗೆ ತಲೆ ಇಟ್ಟುಕೊಂಡು ನಕ್ಕಳು. ಮೊಮ್ಮಗಳೂ ಸೇರಿಕೊಂಡಳು. ನಾನು ಮುಖ ಗಂಟು ಹಾಕಿಕೊಂಡು ಕೂತೆ. ಅದೂ ಜಾಸ್ತಿ ಹೊತ್ತು ಆಗಲಿಲ್ಲ.

ನಗು ಇಳಿದಮೇಲೆ ಆಕೆ ಕೆಲಸಕ್ಕೆ ಕೂತಳು. ಒಳಗೆ ಟಾರ್ಚು ಬಿಟ್ಟು ನೋಡಿದಳು. ಒಳಗಿದ್ದ ಕಾಗದದ ಚೀಟಿಯನ್ನು ಜಿರಲೆಗಳು ಯಾವತ್ತೋ ಪ್ರಸಾದ ಮಾಡಿಕೊಂಡಿದ್ದವು. ಆದರೆ ಆಕೆಗೆ ಚೀಟಿ ಬೇಕಿರಲಿಲ್ಲ. ಹೊಟ್ಟೆಯ ತೂತಿನ ಅಂಚಿಗೆ ಕನ್ನಡಿ ಹಿಡಿದು, "ನೋಡಿ, ಇಲ್ಲಿ ಒಂದರ ಮೇಲೆ ಒಂದು ಪದರ ಕಾಣ್ತಾ ಇದೆಯಾ? ಪ್ಲೈವುಡ್ಡು" ಎಂದಳು. ನೋಡಿದೆ. ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲ ಅಂಚೂ ಹಾಗೇ ಇದೆ. ದೊರೆಸಾನಿಯ ತಾತನ ಕಾಲದಲ್ಲಿ ಇಂಥ ಗಿಟಾರು ಬರುತ್ತಿರಲಿಲ್ಲವಂತೆ. ಕಿವಿಗಳ ತಿರುಗಣೆ, ಪಾಲಿಶು, ಎಲ್ಲ ನೋಡಿ ಆಕೆ ಹೇಳಿದಳು: ಇದು ನಮ್ಮ ದೇಶದಲ್ಲೇ ಆದದ್ದು, ಕಲ್ಕತ್ತದ ಕಡೆಯಿಂದ ಆಗಿನ ಕಾಲಕ್ಕೆ ರಾಶಿ ರಾಶಿ ಬರುತ್ತಿದ್ದ ಮಾಲು, ಆರ್ಕೆಸ್ಟ್ರಾ ಹುಡುಗರೆಲ್ಲ ಕೊಳ್ಳುತ್ತಿದ್ದದ್ದು ಇದನ್ನೇ.

"ಎಷ್ಟು ವರ್ಷ ಆಗಿರ್ಬಹುದು?"

"ಐವತ್ತು ಅಂದ್ಕೊಳಿ. ಒಂದೆರಡು ಹೆಚ್ಚು ಕಮ್ಮಿ."

ಐವತ್ತು! ನನಗೆ ಎಪ್ಪತ್ತು ದಾಟಿದೆ. ನನಗಿಂತ ಚಿಕ್ಕದು! ನಮ್ಮ ಕಡೆ ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು, ಅದು ಪದ್ಧತಿ. ಎಪ್ಪತ್ತು ದಾಟಿದ ನಾನು, ಮಂಡಿ ನೋವು ಬೇರೆ, ಪ್ರತಿ ಆಯುಧ ಪೂಜೆಗೆ ಗೋಡೆ ಹಿಡಿದು ಬಗ್ಗಿ, ಅಡ್ಡ ಬಿದ್ದು, ಏಳಲಾರದೆ ಮಗನ ಕೈ ಹಿಡಿದು ಎದ್ದದ್ದು ನನ್ನ ತಂಗಿಯ ಮಗಳ ವಯಸ್ಸಿನ ಪ್ಲೈವುಡ್ಡಿಗೆ.

ಆಗಲೇ ನನಗೆ ಇನ್ನೊಂದು ನೆನಪಾಯಿತು. ನೆನಪಾಗಿ ಹಣೆ ಚಚ್ಚಿಕೊಂಡೆ. ನನ್ನ ಮದುವೆಯಲ್ಲಿ ಮಾವ ವಾದ್ಯ ಬಾರಿಸಿದ್ದ. ಛತ್ರದ ಜಗುಲಿಯ ಮೇಲೆ ಕೂತು ಬೆಳಗಿನವರೆಗೆ ಬಾರಿಸಿದ್ದ. ಆಗ ಗಿಟಾರು ಎಲ್ಲಿತ್ತು? ಬುಲ್‌ಬುಲ್ ತರಂಗ್! ಟೈಪ್ ಮೆಷಿನ್ನಿನ ಹಾಗೆ ಗುಂಡಿ ಒತ್ತಿ ಕಿಣಿಕಿಣಿ ಮಾಡುವ ಪೆಟ್ಟಿಗೆ. ಗಿಟಾರು ಬಂದದ್ದು ಅದಾದಮೇಲೆ, ನನ್ನ ಮಗ ಹುಟ್ಟುವ ಮೊದಲು ಯಾವತ್ತೋ. ಉತ್ತರ ನನ್ನ ಮದುವೆಯ ಛತ್ರದಲ್ಲೇ ಕೂತಿತ್ತು. ನಾನು ಅದನ್ನು ಮರೆತು ಕಂಟೋನ್ಮೆಂಟಿಗೆ ಹೋಗಿ ದೊರೆಸಾನಿಯ ಬಂಗಲೆ ತಟ್ಟುತ್ತಿದ್ದೆ. ಅಪ್ಪ ಲೆಕ್ಕ ಬಂದರೆ ಸಾಕು ಎಂದಿದ್ದರಲ್ಲ, ಇದು ಆ ಲೆಕ್ಕ.

"ಬೆಲೆ?" ಎಂದೆ, ಕೊನೆಯ ಆಸೆ.

ಆಕೆ ನನ್ನ ಕೈ ಮೇಲೆ ಕೈ ಇಟ್ಟಳು. "ಮಾರೋಕೆ ಹೋದ್ರೆ, ಅಮ್ಮಾ, ಈ ಮಸಿ ಒರೆಸೋ ಕೂಲಿನೂ ಹುಟ್ಟಲ್ಲ."

ನಾನು ಮೊಮ್ಮಗಳ ಕಡೆ ತಿರುಗಿದೆ. ಎರಡೂ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಅಳುತ್ತಿದ್ದಾಳೇನೋ ಎಂದುಕೊಂಡೆ. ಕಣ್ಣು ನೋಡಿದರೆ ದೀಪಾವಳಿ.

"ಅಜ್ಜಿ," ಎಂದಳು ಮೆಲ್ಲಗೆ, "ಅಪ್ಪ ಹೇಳಿದ್ದು ನೆನಪಿದ್ಯಾ?"

ಅಯ್ಯೋ, ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಗಿಟಾರು ಅವಳದಾಯಿತು. ಲಾಕರಿಲ್ಲ, ಹರಾಜಿಲ್ಲ, ಕಾವಲಿಲ್ಲ. ಅಷ್ಟು ದಿನ ಕುತ್ತಿಗೆಯ ಮೇಲೆ ಕೂತಿದ್ದ ಜಂಬ ಇಳಿದು ಹೋಗಿ, ಆ ಜಾಗ ಎಷ್ಟು ಹಗುರಾಯಿತು ಎಂದರೆ ನಾನೇ ಒಂದು ಸಲ ಕುತ್ತಿಗೆ ಆಡಿಸಿ ನೋಡಿಕೊಂಡೆ. ಲಕ್ಷ ಬಾಳಿದ್ದರೆ ಆ ಮಗುವಿನ ಬಾಡಿದ ಮುಖ ನೋಡಿಕೊಂಡು ಹಬ್ಬ ಮಾಡಬೇಕಿತ್ತಲ್ಲ, ಕಾಪಾಡಿದ ಶಿವ.

ಆಕೆ ಆಗ ಇನ್ನೊಂದು ತೋರಿಸಿದಳು. ಗಿಟಾರಿನ ಕತ್ತಿನ ಮೇಲೆ, ತಂತಿಗಳ ಕೆಳಗೆ ಬಟ್ಟೆ ಆಡಿಸಿ, "ಕೈ ಇಟ್ಟು ನೋಡಮ್ಮಾ" ಎಂದು ಮೊಮ್ಮಗಳಿಗೆ ಹೇಳಿದಳು. ಅಲ್ಲಿ ಮರ ಸವೆದು ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಎಲ್ಲ ಕಡೆಯೂ ಅಲ್ಲ. ಮೇಲ್ಗಡೆ ನಾಲ್ಕಾರು ಜಾಗದಲ್ಲಿ ಮಾತ್ರ. ಕೆಳಗಿನದೆಲ್ಲ ಹೊಸದರ ಹಾಗೇ ಇತ್ತು.

"ನಿಮ್ಮ ಮಾವನಿಗೆ ತುಂಬಾ ಏನೂ ಬರ್ತಿರಲಿಲ್ಲ ಅನ್ಸುತ್ತೆ. ಬರ್ತಿದ್ದಿದ್ದು ಇಷ್ಟೇ ಜಾಗ. ಆದ್ರೆ ಎಷ್ಟು ನುಡಿಸಿದಾರೆ ನೋಡಿ. ಮರಾನೇ ಗುಳಿ ಬಿದ್ದಿದೆ."

ಮೊಮ್ಮಗಳು ಬೆರಳುಗಳನ್ನು ಆ ಗುಳಿಗಳಲ್ಲಿ ಇಟ್ಟಳು. "ಇದು ನಂಗೆ ಬರುತ್ತೆ ಅಜ್ಜಿ," ಎಂದಳು, "ನಂಗೂ ಇಷ್ಟೇ ಬರೋದು."

ಹಿಂದಿನ ಸಾಲಿನಲ್ಲಿ ಕರೀ ಕೋಟು ಹಾಕಿಕೊಂಡು ನಿಂತಿರುತ್ತಿದ್ದ ಅವನ ಬೆರಳುಗಳನ್ನು ನಾನು ಒಂದು ದಿನವಾದರೂ ನೋಡಿರಲಿಲ್ಲ. ಬೂಟು ನೋಡಿದ್ದೆ. ಕೋಟು ನೋಡಿದ್ದೆ. ಇಷ್ಟು ವರ್ಷ ನಾನು ವಿಭೂತಿ ಇಟ್ಟದ್ದು ಹೊಟ್ಟೆಗೆ, ಅವನಿದ್ದದ್ದು ಕತ್ತಿನಲ್ಲಿ.

ಆಕೆ ಗಿಟಾರನ್ನು ಇಟ್ಟುಕೊಂಡು, ತೊಳೆದು ಒರೆಸಿ, ಬಿಟ್ಟಿದ್ದ ಅಂಟು ಕೂಡಿಸಿ, ಹೊಸ ತಂತಿ ಹಾಕಿ, ಗೌರಿ ಹಬ್ಬದ ಹಿಂದಿನ ದಿನ ಬರಲು ಹೇಳಿದಳು. ಹೋದೆವು. ಗುರುತೇ ಸಿಗಲಿಲ್ಲ. ಅರಿಶಿನದ ಎಣ್ಣೆ ಹಚ್ಚಿ ನೀರು ಹಾಕಿಸಿಕೊಂಡ ಮದುಮಗಳ ಹಾಗೆ ಹೊಳೆಯುತ್ತಿತ್ತು. ಮಧ್ಯದಲ್ಲಿ ಕುಂಕುಮದ ಕೆಂಪು ಮಾತ್ರ ಮರಕ್ಕೆ ಇಳಿದುಬಿಟ್ಟಿದೆ, ಅದು ಹೋಗುವುದಿಲ್ಲವಂತೆ. ಸುಟ್ಟ ಗುರುತೂ ಹಾಗೇ ಇದೆ. ಇರಲಿ, ನನ್ನದೂ ಏನಾದರೂ ಇರಬೇಡವೇ.

ಮೊಮ್ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನುಡಿಸುತ್ತಾಳೆ ಎಂದು ನಾನು ಕಿವಿಗೊಟ್ಟು ಕೂತರೆ, ಒಂದೇ ಒಂದು ಸಣ್ಣ ತಂತಿಯನ್ನು ಎಳೆದು ಬಿಟ್ಟಳು. ಟಿಣ್.

"ಆ ಮಾಡು ಅಜ್ಜಿ" ಎಂದಳು.

ದೇವರಾಣೆ, ನನ್ನ ಬಾಯಿ ಆಗಲೇ ತೆರೆದಿತ್ತು.

ಮನೆಗೆ ಬಂದು ಯಜಮಾನರಿಗೆ ವರದಿ ಒಪ್ಪಿಸಿದೆ. ಅವರು ಪೇಪರು ಮಡಿಸಿಟ್ಟರು. ಮಡಿಸಿದರೆಂದರೆ ವಿಷಯ ದೊಡ್ಡದು ಎಂದು ಅರ್ಥ.

"ನಮ್ಮ ಮದುವೇಲಿ ಬುಲ್‌ಬುಲ್ ಬಾರಿಸಿ ಬೆಳಗಾನ ನಿದ್ದೆ ಕೆಡಿಸಿದ್ನಲ್ಲ, ನಂಗೆ ಯಾವತ್ತೂ ಮರೆತಿಲ್ಲ."

"ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬುಲ್‌ಬುಲ್ಲನ್ನೂ ಹುಡುಕಿ ತಂದು ದೇವರ ಮನೇಲಿ ಕೂರಿಸ್ತಿದ್ದೆ. ಜಾಗ ಎಲ್ಲಿದೆ?"

ದೇವರ ಮನೆಯ ಗೋಡೆಯಲ್ಲಿ ಈಗ ಗಿಟಾರಿನ ಆಕಾರದ ಬಿಳಿ ಜಾಗ ಉಳಿದಿದೆ, ಸುತ್ತಲೂ ಮಸಿ. ಸುಣ್ಣ ಹೊಡೆಸೋಣ ಎಂದ ಮಗ. ಇರಲಿ ಬಿಡು ಎಂದೆ. ಬೆಳಿಗ್ಗೆ ದೀಪ ಹಚ್ಚುವಾಗ ನೋಡಿದರೆ ನಗು ಬರುತ್ತದೆ. ನಗುತ್ತಲೇ ಪೂಜೆ ಶುರುವಾಗುವುದೂ ಒಳ್ಳೆಯದೇ.

ಕಾರ್ಯಕ್ರಮದ ಸಂಜೆ ನಾನು ಎರಡನೆಯ ಸಾಲಿನ ಕುರ್ಚಿಯಲ್ಲಿ ಮಧ್ಯಾಹ್ನದಿಂದಲೇ ಕರ್ಚೀಫು ಹಾಕಿ ಜಾಗ ಹಿಡಿದಿದ್ದೆ. ಎದುರುಮನೆಯಾಕೆ ಪಕ್ಕದಲ್ಲೇ ಬಂದು ಕೂತಳು. ಮೊಮ್ಮಗಳು ಲಂಗ ದಾವಣಿ ಉಟ್ಟು, ಗಿಟಾರನ್ನು ಪಟ್ಟಿಯಲ್ಲಿ ಹೆಗಲಿಗೆ ಹಾಕಿಕೊಂಡು ಸ್ಟೇಜಿನ ನಡುವೆ ನಿಂತಳು. ಹಿಂದಿನ ಸಾಲಿನಲ್ಲಲ್ಲ, ನಡುವೆ. ಗಣೇಶನಿಗೆ ಕೈ ಮುಗಿದು, ಬೆರಳುಗಳನ್ನು ಗುಳಿಗಳಲ್ಲಿ ಇಟ್ಟು ನುಡಿಸಲು ಶುರುಮಾಡಿದಳು. ಮೊದಮೊದಲು ಬೆರಳು ಒಂದು ಕಡೆ ತಡವರಿಸಿತು. ಆಮೇಲೆ ಅವಳ ಕಾಲು ತಾಳ ಹಾಕತೊಡಗಿತು. ಅದೇ ಸಪ್ಪಳ, ಅದೇ ಗಣೇಶನ ಪೆಂಡಾಲು. ನನಗೆ ಮಾವನ ಕೂದಲೆಣ್ಣೆಯ ವಾಸನೆ ಬಂದ ಹಾಗಾಯಿತು.

ಎದುರುಮನೆಯಾಕೆ ನನ್ನ ಕಿವಿಗೆ ಬಗ್ಗಿದಳು. "ಇದೇನ್ರೀ, ಹೊಸ ಗಿಟಾರಾ? ಲಕ್ಷದ್ದು ಎಲ್ಲಿ, ಲಾಕರಲ್ಲಿಟ್ರಾ?"

"ಇದೇ ರೀ ಅದು!" ಎಂದೆ. ತಡೆಯಲು ಆಗಲಿಲ್ಲ. "ಬ್ರಿಟಿಷ್‌ನೋರದ್ದಲ್ಲ, ಏನೂ ಅಲ್ಲ! ಪ್ಲೈವುಡ್ಡು ಕಣ್ರೀ, ಅಪ್ಪಟ ಪ್ಲೈವುಡ್ಡು! ನನಗಿಂತ ಚಿಕ್ಕದು! ಮಾರೋಕೆ ಹೋದ್ರೆ ಒರೆಸೋ ಕೂಲಿನೂ ಹುಟ್ಟಲ್ವಂತೆ!"

ಲಕ್ಷಾಂತರ ಎಂದು ಬೀದಿಯೆಲ್ಲ ಸಾರಿದಾಗಲೂ ನನ್ನ ಗಂಟಲು ಅಷ್ಟು ಜೋರಾಗಿರಲಿಲ್ಲ. ಮುಂದಿನ ಸಾಲಿನವರೆಲ್ಲ ತಿರುಗಿ "ಶ್!" ಎಂದರು. ಮೈಕಿನ ಹತ್ತಿರ ನಿಂತಿದ್ದ ಕಮಿಟಿಯವರು ನನ್ನ ಕಡೆ ಕೈ ತೋರಿಸಿದರು. ಯಜಮಾನರು ಎರಡು ಕುರ್ಚಿ ಆಚೆ ಸರಿದು ಕೂತು, ನಾನು ಯಾರೋ ಏನೋ ಎನ್ನುವ ಹಾಗೆ ಮೇಲೆ ಸೀರಿಯಲ್ ಸೆಟ್ಟಿನ ದೀಪಗಳನ್ನು ನೋಡುತ್ತಿದ್ದರು. ಸ್ಟೇಜಿನ ಮೇಲೆ ಅವಳಿಗೂ ಕೇಳಿಸಿತು. ನಗು ತಡೆಯುತ್ತ ತುಟಿ ಕಚ್ಚಿಕೊಂಡಳು, ಆದರೆ ಕೈ ನಿಲ್ಲಲಿಲ್ಲ.

ಮುಗಿದಮೇಲೆ ಚಪ್ಪಾಳೆಯ ನಡುವೆ ಅವಳು ನೇರ ನನ್ನ ಹತ್ತಿರ ಬಂದಳು. ಗಿಟಾರನ್ನು ಬೆನ್ನಿಗೆ ತಿರುಗಿಸಿಕೊಂಡು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದಳು. ಅವಳ ಬೆನ್ನ ಮೇಲಿಂದ ಗಿಟಾರೂ ಜಾರಿ ಮುಂದಕ್ಕೆ ಬಗ್ಗಿ, ಅದರ ಸುಟ್ಟ ತಲೆ ನನ್ನ ಪಾದಕ್ಕೆ ಟಪ್ಪೆಂದು ತಾಗಿತು.

ಇಷ್ಟು ವರ್ಷ ನಾನು ಅಡ್ಡ ಬಿದ್ದದ್ದನ್ನೆಲ್ಲ ನನಗಿಂತ ಚಿಕ್ಕದಾದ ಆ ಗಿಟಾರು ಅವತ್ತು ಒಂದೇ ಸಲಕ್ಕೆ ತೀರಿಸಿತು. ಹೆಬ್ಬೆರಳು ಇನ್ನೂ ಸ್ವಲ್ಪ ಊದಿಕೊಂಡಿದೆ. ಇಬ್ಬರಿಗೂ ಸೇರಿಸಿಯೇ ಆಶೀರ್ವಾದ ಮಾಡಿದೆ.